ಓದುವ ಕೋಣೆಗೆ ಎಷ್ಟು ಬೆಳಕು ಬೇಕು?

10×12 ಅಡಿಯ ಕೋಣೆಗೆ 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬ್ ಸಾಕೇ ಎಂಬುದು ಓದುಗರೊಬ್ಬರ ಪ್ರಶ್ನೆ. ಎಪ್ಪತ್ತರ ತಾಯಿಗೆ ಪತ್ರಿಕೆಯ ಅಕ್ಷರ ಕಾಣುತ್ತಿಲ್ಲವಂತೆ.

ವ್ಯಾಟ್ ಹೇಳುವುದು ಕರೆಂಟಿನ ಖರ್ಚು. ಬೆಳಕಿನ ಲೆಕ್ಕ ಲ್ಯೂಮೆನ್‌ನಲ್ಲಿ. ಇಂಥ ಬಲ್ಬ್ ಸುಮಾರು 900 ಲ್ಯೂಮೆನ್ ಕೊಡುತ್ತದೆ. ಕೋಣೆಯ 11 ಚದರ ಮೀಟರಿಗೆ ಹಂಚಿದರೆ ಚದರ ಮೀಟರಿಗೆ ಹೆಚ್ಚೆಂದರೆ 80 ಲ್ಯೂಮೆನ್, ಅಂದರೆ 80 ಲಕ್ಸ್. ಗೋಡೆಗಳು ತಮ್ಮ ಪಾಲು ನುಂಗಿದ ಮೇಲೆ ಇನ್ನೂ ಕಡಿಮೆ (ಗಾಢ ಬಣ್ಣ ಬಳಿಸಿದವರ ಪಾಡು ಕೇಳುವುದೇ ಬೇಡ). ಓಡಾಡಲು ಇಷ್ಟು ಸಾಕು. ಓದಲು 300 ಲಕ್ಸ್ ಆದರೂ ಬೇಕು. ವಯಸ್ಸಾದಂತೆ ಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟುವುದರಿಂದ ಹಿರಿಯರಿಗೆ ಇನ್ನೂ ಹೆಚ್ಚು.

ಹಾಗೆಂದು ಚಾವಣಿಗೆ ನಾಲ್ಕು ಬಲ್ಬ್ ಜೋತುಹಾಕುವುದು ದಂಡ. ಕುರ್ಚಿಯ ಪಕ್ಕ ಶೇಡ್ ಇರುವ ಓದುದೀಪ ಇಡಲಿ. ದೀಪದ ದೂರ ಅರ್ಧವಾದರೆ ಪುಟದ ಮೇಲಿನ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ಆಗಲೂ ಅಕ್ಷರ ಮಸುಕೆನಿಸಿದರೆ, ಬಲ್ಬಿನಂಗಡಿಗಲ್ಲ, ಪೊರೆ ಬಂದಿದೆಯೇ ಎಂದು ನೋಡಿಸಲು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಲಿ.