ರೇಷ್ಮೆ ಪತಂಗದ ಗಡಿಯಾರ, ನಮ್ಮ ತಲೆಯೊಳಗಿನ ಗಡಿಯಾರ

ಮೊಳಕಾಲ್ಮೂರು ಅಂದ್ರೆ ಮೊದಲು ನೆನಪಾಗೋದು ರೇಷ್ಮೆ ಸೀರೆ. ಆ ನೂಲು ಕೊಡುವ ಹುಳು ನಿದ್ದೆಯ ಬಗ್ಗೆಯೂ ಒಂದು ಪಾಠ ಹೇಳುತ್ತದೆ. ನೂಲಿಗೆ ಬೇಕಾದ ಗೂಡುಗಳಿಂದ ಪತಂಗ ಹೊರಬರಲು ಬಿಡುವುದಿಲ್ಲ. ಮೊಟ್ಟೆಗೆಂದು ಉಳಿಸಿದ ಬಿತ್ತನೆ ಗೂಡಿನಿಂದ ಮಾತ್ರ ಅದು ಬರುತ್ತದೆ, ಅದೂ ಹೆಚ್ಚಾಗಿ ಬೆಳಗಿನ ಜಾವ. ಗೂಡಿನೊಳಗೆ ಅದಕ್ಕೆ ಹೊತ್ತು ಹೇಳೋರು ಯಾರು?

1970ರಲ್ಲಿ ಅಮೆರಿಕದ ಜೇಮ್ಸ್ ಟ್ರೂಮನ್ ಮತ್ತು ಲಿನ್ ರಿಡ್ಡಿಫೋರ್ಡ್ ಬೇರೆ ಎರಡು ಜಾತಿಯ ರೇಷ್ಮೆ ಪತಂಗಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಒಂದು ಜಾತಿ ಬೆಳಿಗ್ಗೆ ಹೊರಬರುತ್ತಿತ್ತು, ಇನ್ನೊಂದು ಸಂಜೆಯ ಕಡೆಗೆ. ಮಿದುಳು ತೆಗೆದಾಗ ಹೊತ್ತುಗೊತ್ತು ತಪ್ಪಿತು. ಎರಡರ ಮಿದುಳು ಅದಲುಬದಲು ಮಾಡಿದಾಗ, ಪತಂಗ ಮಿದುಳು ಕೊಟ್ಟ ಜಾತಿಯ ಹೊತ್ತಿಗೆ ಹೊರಬಂತು! ಅಂದ್ರೆ ಗಡಿಯಾರ ಇರೋದು ಮಿದುಳಲ್ಲೇ.

ನಮ್ಮ ಗಡಿಯಾರ ಇರೋದು ಹೈಪೊಥಲಾಮಸ್‌ನಲ್ಲಿ, ಎರಡು ಕಣ್ಣಿನ ನರಗಳು ಸೇರುವ ಜಾಗದ ಮೇಲೆ. ಸುಮಾರು 20,000 ನರಕೋಶಗಳ ಈ ಗುಂಪಿನ ಹೆಸರು ಸುಪ್ರಾಕಿಯಾಸ್ಮ್ಯಾಟಿಕ್ ನ್ಯೂಕ್ಲಿಯಸ್, ಚಿಕ್ಕದಾಗಿ ಎಸ್‌ಸಿಎನ್. ಪ್ರತಿ ಕೋಶದಲ್ಲೂ ಕೆಲವು ಜೀನ್‌ಗಳು ಪ್ರೋಟೀನ್ ತಯಾರಿಸುತ್ತವೆ. ಪ್ರೋಟೀನ್ ಜಾಸ್ತಿಯಾದರೆ ಅದೇ ಬಂದು ಆ ಜೀನ್‌ಗಳನ್ನು ತಡೆಯುತ್ತದೆ, ಕರಗಿದ ಮೇಲೆ ಕೆಲಸ ಮತ್ತೆ ಶುರು. ನಾವು ಓದೋ ನೆಗೆಟಿವ್ ಫೀಡ್‌ಬ್ಯಾಕ್ ಇದೇ. ಅದು ತಡವಾಗಿ ಬರೋದ್ರಿಂದ ಆಸಿಲೇಟರ್ ಆಗುತ್ತೆ. ಹಣ್ಣಿನ ನೊಣದಲ್ಲಿ ಇದನ್ನು ಬಿಡಿಸಿದ ಹಾಲ್, ರೋಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರ ನೊಬೆಲ್ ಬಂತು.

ಆದರೆ ಹೆಚ್ಚಿನವರಲ್ಲಿ ಈ ಸುತ್ತು 24 ಗಂಟೆಗಿಂತ ಸ್ವಲ್ಪ ಉದ್ದ. ದಿನಾ ಅದನ್ನು ಸರಿಪಡಿಸೋದು ಬೆಳಕು. ಕಣ್ಣಿನ ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಇರುವ ಕೋಶಗಳು ಎಸ್‌ಸಿಎನ್‌ಗೆ ಬೆಳಕಿನ ಸುದ್ದಿ ಮುಟ್ಟಿಸುತ್ತವೆ. ರಾತ್ರಿಯಾದಾಗ ಎಸ್‌ಸಿಎನ್ ಹೇಳಿದಂತೆ ಪೀನಿಯಲ್ ಗ್ರಂಥಿ ಮೆಲಟೋನಿನ್ ಬಿಡುತ್ತದೆ. ಆ ಹೊತ್ತಲ್ಲಿ ಜೋರು ಬೆಳಕು ಬಿದ್ದರೆ ಮೆಲಟೋನಿನ್ ಇಳಿಯುತ್ತದೆ, ಗಡಿಯಾರ ತಡವಾಗುತ್ತದೆ. ಬೆಳಗಿನ ಬಿಸಿಲು ಅದನ್ನು ಮತ್ತೆ ಬೇಗ ಮಾಡುತ್ತದೆ.

ಇಂಟರ್ನಲ್ಸ್ ವಾರ ಪೂರ್ತಿ ರಾತ್ರಿ ಮೂರರವರೆಗೆ ಓದಿದವರು ಒಂಬತ್ತಕ್ಕೆ ಪೇಪರ್ ಮುಂದೆ ಕೂತಿರ್ತಾರೆ, ಎಸ್‌ಸಿಎನ್ ಲೆಕ್ಕದಲ್ಲಿ ಇನ್ನೂ ನಸುಕು. ಇದು ಸೋಮಾರಿತನ ಅಲ್ಲ, ಫೇಸ್ ಡಿಲೇ. ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೆ ಅದು ಇನ್ನೂ ಹೆಚ್ಚುತ್ತೆ.

ಮದ್ದು ಸರಳ: ದಿನಾ ಒಂದೇ ಹೊತ್ತಿಗೆ ಏಳಿ, ಎದ್ದ ಕೂಡಲೇ ಹೊರಗೆ ಬನ್ನಿ. ಚಳ್ಳಕೆರೆಯಲ್ಲಿ ಬೆಳಿಗ್ಗೆ ಏಳಕ್ಕೆ ಬಸ್ಸಿಗೆ ಕಾಯೋ ಡೇ ಸ್ಕಾಲರ್‌ಗಳಿಗೆ ಇದು ಪುಕ್ಕಟೆ ಸಿಗುತ್ತೆ. ಹಾಸ್ಟೆಲ್‌ನವರೇ, ಕಿಟಕಿ ತೆಗೀರಿ. ಮಳೆಗೆ ಬರವಿರಬಹುದು, ಈ ಬಯಲುಸೀಮೆಯಲ್ಲಿ ಬಿಸಿಲಿಗೆ ಎಲ್ಲಿಯ ಬರ?