ಪುಟ್ಟ ಕೈಗೊಂದು ಬಣ್ಣದ ಚೀಲ



ಚಿಕ್ಕ ಮಕ್ಕಳಿಗೆ ಉಡುಗೊರೆ ಅಂದರೆ ನಾವು ಅಂಗಡಿಯಿಂದ ಚಾಕಲೇಟನ್ನೋ ಬಲೂನನ್ನೋ ತರುತ್ತೇವೆ. ಚಾಕಲೇಟು ಅರ್ಧ ಗಳಿಗೆಯಲ್ಲಿ ಮುಗಿಯುತ್ತದೆ. ಬಲೂನು ಸಂಜೆಯೊಳಗೆ ಒಡೆಯುತ್ತದೆ. ಅದರ ಬದಲು ಚಿತ್ರ ಬರೆಯುವ ಸಾಮಾನಿನ ಚೀಲವನ್ನು ನಾವೇ ಮಾಡಿ ಕೊಡಬಹುದು. ಹೇಗೆ ಅಂತ ಈ ಲೇಖನದಲ್ಲಿ ತಿಳಿಸುತ್ತೇನೆ. ಅದಕ್ಕೆ ಮೊದಲು ನಾನು ಮಾಡಿದ ತಪ್ಪನ್ನು ಹೇಳಬೇಕು.

ನನ್ನ ತಂಗಿಗೆ ಮೂರೂವರೆ ವರ್ಷ. ಅಂಗನವಾಡಿಗೆ ಹೋಗುತ್ತಾಳೆ. ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತ ಕರೆಯುತ್ತೇವೆ. ದೀಪಾವಳಿಗೆ ಸುಣ್ಣ ಹೊಡೆದ ಗೋಡೆಯ ಮೇಲೆ ಅವಳು ಒಲೆಯ ಇದ್ದಿಲಿನಿಂದ ಗೀಚಿಬಿಟ್ಟಳು. ಅಪ್ಪ ಎರಡೇಟು ಹಾಕಿದರು. ಅವಳು ಅಳುತ್ತಾ, "ಅಜ್ಜಿ ಗೋಡೆ ಮೇಲೆ ಬರೆದ್ರೆ ಯಾರೂ ಹೊಡೆಯಲ್ಲ" ಅಂದಳು. ಅದು ನಿಜವೇ. ನಮ್ಮ ಅಜ್ಜಿ ಹಸೆ ಚಿತ್ತಾರ ಬರೆಯುತ್ತಾರೆ. ಮದುವೆ ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ.

ಪುಟ್ಟಿಯನ್ನು ನೋಡಿ ಪಾಪ ಅನ್ನಿಸಿತು. ನನ್ನ ಹತ್ತಿರ ಇದ್ದ ಸ್ಕೆಚ್ ಪೆನ್ನು, ಚೂಪು ಪೆನ್ಸಿಲು, ರಬ್ಬರು ಎಲ್ಲ ಒಂದು ಡಬ್ಬಿಗೆ ಹಾಕಿ ಕೊಟ್ಟೆ. ಐದು ನಿಮಿಷ ಆಗಿರಲಿಲ್ಲ, ಪೆನ್ನಿನ ಮುಚ್ಚಳವನ್ನು ಬಾಯಿಗೆ ಹಾಕಿಕೊಂಡಳು. ಅದು ಗಂಟಲಿಗೆ ಹೋಗಿ ಕೆಮ್ಮತೊಡಗಿದಳು. ಅಮ್ಮ ಓಡಿ ಬಂದು ಅವಳನ್ನು ಬಗ್ಗಿಸಿ ಬೆನ್ನಿಗೆ ಹೊಡೆದ ಮೇಲೆ ಮುಚ್ಚಳ ಹೊರಗೆ ಬಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅಜ್ಜಿ ಬೈಯಲಿಲ್ಲ. "ನಿಂಗೆ ಇಷ್ಟ ಆದದ್ದು ಕೊಟ್ಟೆ. ಅವಳ ಕೈ ನೋಡಿದ್ಯಾ?" ಅಂತ ಮಾತ್ರ ಕೇಳಿದರು.

ಮಾರನೆಯ ದಿನ ನೋಡಿದೆ. ಪುಟ್ಟಿ ಪೆನ್ಸಿಲನ್ನು ನಮ್ಮ ಹಾಗೆ ಮೂರು ಬೆರಳಿನಲ್ಲಿ ಹಿಡಿಯುವುದಿಲ್ಲ. ಒನಕೆ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಇಡೀ ತೋಳನ್ನು ಆಡಿಸುತ್ತಾಳೆ. ಅವಳಿಗೆ ಬೇಕಾದದ್ದು ದಪ್ಪ ಕಡ್ಡಿ ಮತ್ತು ದೊಡ್ಡ ಹಾಳೆ. ಹೀಗೆ ಎರಡನೇ ಚೀಲ ಮಾಡಿದೆ.

ಬೇಕಾಗುವ ಸಾಮಾನುಗಳು:
ಹಳೆ ನೋಟ್ ಪುಸ್ತಕದ ಖಾಲಿ ಹಾಳೆಗಳು, ಹಳೆ ಲಗ್ನಪತ್ರಿಕೆ, ಸೂಜಿ ದಾರ, ಹಳೆ ಬಟ್ಟೆ, ಪುಂಡಿ ನಾರು, ಕೆಮ್ಮಣ್ಣು, ಅರಿಸಿನ ಪುಡಿ, ಅಡುಗೆ ಸೋಡಾ.

ಮಾಡುವ ವಿಧಾನ:

1. ಪುಸ್ತಕ: ಹಾಳೆಗಳನ್ನು ಮಡಚದೆ ಪೂರ್ತಿ ಅಗಲಕ್ಕೆ ಜೋಡಿಸಿ, ಒಂದು ಅಂಚಿನಲ್ಲಿ ದಾರದಿಂದ ಹೊಲಿಯಿರಿ. ಪಿನ್ನು ಹೊಡೆಯಬೇಡಿ, ಕೈಗೆ ಚುಚ್ಚುತ್ತದೆ. ಲಗ್ನಪತ್ರಿಕೆಯನ್ನು ರಟ್ಟಾಗಿ ಹಾಕಿ.

2. ಕುಂಚ: ಚಿತ್ತಾರಕ್ಕೆ ಅಜ್ಜಿ ಪುಂಡಿ ನಾರಿನ ಕುಂಚ ಮಾಡುತ್ತಾರೆ. ಅದೇ ನಾರನ್ನು ಬೆರಳು ದಪ್ಪದ ಕಡ್ಡಿಯ ತುದಿಗೆ ಬಿಗಿಯಾಗಿ ಕಟ್ಟಿ, ಹಿಡಿಯುವ ಜಾಗಕ್ಕೆ ಬಟ್ಟೆ ಸುತ್ತಿ. ಆಗ ಮುಷ್ಟಿಗೆ ಸರಿಯಾಗುತ್ತದೆ.

3. ಬಣ್ಣ: ಸಾಗರ, ಸೊರಬದ ಕಡೆ ದೀವರ ಮನೆಗಳ ಹಸೆ ಚಿತ್ತಾರದಲ್ಲಿ ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಕರಿಯಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ ಬಳಸುತ್ತಾರೆ. ನಾನು ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಪೊಟ್ಟಣ ಕಟ್ಟಿದೆ. ಬೇಕಾದಾಗ ನೀರಿನಲ್ಲಿ ಕಲಸಿದರೆ ಆಯಿತು. ಅಕ್ಕಿ ಹಿಟ್ಟು ಕಲಸಿಟ್ಟರೆ ಹುಳಿ ಬರುತ್ತದೆ, ಅಂದಂದೇ ಕಲಸಬೇಕು.

4. ಮಾಯಾ ಹಾಳೆ: ಅರಿಸಿನವನ್ನು ನೀರಿನಲ್ಲಿ ಗಂಜಿಯ ಹಾಗೆ ಕಲಸಿ ಹಾಳೆಗೆ ಬಳಿದು ನೆರಳಿನಲ್ಲಿ ಒಣಗಿಸಿ. ಅರ್ಧ ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ. ಈ ನೀರಿನಲ್ಲಿ ಕುಂಚ ಅದ್ದಿ ಹಳದಿ ಹಾಳೆಯ ಮೇಲೆ ಎಳೆದರೆ ಕೆಂಪು ಗೆರೆ ಮೂಡುತ್ತದೆ! ನಿಂಬೆ ರಸ ಬಿಟ್ಟರೆ ಮತ್ತೆ ಹಳದಿ. ಇದು ಮಾಯ ಅಲ್ಲ. ವಿಜ್ಞಾನ ಪಾಠದಲ್ಲಿ ಓದಿದ ಹಾಗೆ ಅರಿಸಿನ ಒಂದು ಸೂಚಕ. ಸೋಡಾ ಪ್ರತ್ಯಾಮ್ಲ, ನಿಂಬೆ ಆಮ್ಲ.

5. ಚೀಲ: ಅಪ್ಪನ ಹಳೆ ಅಂಗಿಯ ತೋಳನ್ನು ಕತ್ತರಿಸಿ ಒಂದು ಬದಿ ಹೊಲಿದೆ. ಅದರ ಮೇಲೆ ಕೆಂಪು ದಾರದಲ್ಲಿ 'ಪುಟ್ಟಿ' ಅಂತ ಹೊಲಿದೆ. ಓದಲು ಬಾರದಿದ್ದರೂ ಅದು ತನ್ನದು ಅಂತ ಅವಳಿಗೆ ಗೊತ್ತಾಯಿತು.

ಎಚ್ಚರಿಕೆ: ಬಾಯಿಗೆ ಹಿಡಿಸುವ ಮುಚ್ಚಳ, ಮಣಿ, ಗುಂಡಿ, ಬಳಪದ ಚೂರು ಹಾಕಬೇಡಿ. ಕೆಂಪು ಬರಲಿ ಅಂತ ಅರಿಸಿನಕ್ಕೆ ಸುಣ್ಣ ಹಾಕಿ ಕೊಡಬೇಡಿ, ಕಣ್ಣಿಗೆ ಅಪಾಯ. ಮೈಲುತುತ್ತ ಹಾಕಿದ ಅಂಟು ವಿಷ, ಅದೂ ಬೇಡ. ದೊಡ್ಡವರು ಹತ್ತಿರವೇ ಕೂತಿರಬೇಕು.

ಎಲ್ಲ ಮಕ್ಕಳಿಗೂ ಒಂದೇ ತರಹದ ಚೀಲ ಆಗುವುದಿಲ್ಲ. ಪಕ್ಕದ ಮನೆಯ ಎರಡನೇ ತರಗತಿ ಹುಡುಗನಿಗೆ ಬಸ್ಸು ಅಂದರೆ ಪ್ರಾಣ. ಅವನ ಚೀಲಕ್ಕೆ ಸ್ಕೇಲು, ಪೆನ್ಸಿಲು, ಚಕ್ರ ಬರೆಯಲು ಒಂದು ಬಳೆ ಹಾಕಿದೆ.

ಈಗ ಅಪ್ಪ ಹಿತ್ತಲ ಜಗಲಿಯ ಗೋಡೆಗೆ ಪುಟ್ಟಿಯ ಎತ್ತರಕ್ಕೆ ಕೆಮ್ಮಣ್ಣು ಬಳಿದು, "ಇದು ನಿಂದು, ಬರಿ" ಅಂದಿದ್ದಾರೆ. ಅವಳು ಅಕ್ಕಿ ಹಿಟ್ಟಿನಲ್ಲಿ ನನ್ನ ಚಿತ್ರ ಬರೆದಿದ್ದಾಳೆ. ನನಗೆ ಮೂರು ಕಾಲಿವೆ.

ಗೆಳೆಯರೇ, ನಮ್ಮ ಶಾಲೆಯ ಪಕ್ಕದ ಅಂಗನವಾಡಿಯಲ್ಲಿ 14 ಮಕ್ಕಳಿದ್ದಾರೆ. ನಿಮ್ಮ ಹಳೆ ಪುಸ್ತಕದ ಖಾಲಿ ಹಾಳೆಗಳನ್ನು ಈ ಗೋಡೆ ಪತ್ರಿಕೆಯ ಕೆಳಗಿರುವ ಪೆಟ್ಟಿಗೆಗೆ ಹಾಕಿ. ಶನಿವಾರ ಮಧ್ಯಾಹ್ನ ಕೂತು ಹೊಲಿಯೋಣ. ಆದರೆ ಮೊದಲು ಹೋಗಿ ಆ ಮಕ್ಕಳ ಕೈ ನೋಡಿ ಬನ್ನಿ.

– 7ನೇ ತರಗತಿ ವಿದ್ಯಾರ್ಥಿನಿ