ಸ್ಟೀಲ್ ತಂತಿಯ ಗಿಟಾರ್: ಆಸ್ತಿಯೋ, ಖರ್ಚೋ?



ಪರೀಕ್ಷೆ ಮುಗಿದು ರಜೆ ಬಂತೆಂದರೆ ನಮ್ಮಲ್ಲಿ ಅನೇಕರಿಗೆ ಗಿಟಾರ್ ಕಲಿಯುವ ಆಸೆ ಹುಟ್ಟುತ್ತದೆ. ಹಬ್ಬಕ್ಕೆ ಸಿಕ್ಕ ಈದಿ, ಮಾಮೂ ಕೊಟ್ಟ ಹಣ, ಉಳಿಸಿದ ಬಸ್ ಚಾರ್ಜ್ ಎಲ್ಲ ಸೇರಿ ಒಂದು ಗಿಟಾರ್ ಮನೆಗೆ ಬರುತ್ತದೆ. ಎರಡು ತಿಂಗಳೊಳಗೆ ಅದು ಅಲ್ಮೇರಾದ ಮೇಲೆ ಹೋಗಿ ಕೂರುತ್ತದೆ. "ನನಗೆ ಸಂಗೀತ ಬರೋದಿಲ್ಲ" ಎಂದು ಕಲಿಯುವವರು ಕೈಬಿಡುತ್ತಾರೆ. ಆದರೆ ಬಹಳ ಸಲ ದೋಷ ಕಲಿಯುವವರದ್ದಲ್ಲ, ವಾದ್ಯದ್ದು. ಕೊಳ್ಳುವ ಮುನ್ನ ಏನು ನೋಡಬೇಕು, ಕೊಂಡ ಮೇಲೆ ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ನಮ್ಮ ಲೆಕ್ಕಶಾಸ್ತ್ರದ ಪಾಠದ ಸಹಾಯದಿಂದ ಇಲ್ಲಿ ವಿವರಿಸುತ್ತೇನೆ.

ಎರಡು ಬಗೆಯ ಗಿಟಾರ್

ಅಕೌಸ್ಟಿಕ್ ಗಿಟಾರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಒಂದು, ಸ್ಟೀಲ್ ತಂತಿಯದು ಇನ್ನೊಂದು. ಹಿಂದೆ ಗಿಟಾರಿಗೆ ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿ ಹಾಕುತ್ತಿದ್ದರು. 1833ರಲ್ಲಿ ಆರಂಭವಾದ ಅಮೆರಿಕದ ಮಾರ್ಟಿನ್ ಕಂಪನಿ 1920ರ ದಶಕದಲ್ಲಿ ತನ್ನ ಗಿಟಾರ್‌ಗಳನ್ನು ಸ್ಟೀಲ್ ತಂತಿಗೆ ತಕ್ಕಂತೆ ಗಟ್ಟಿಯಾಗಿ ಕಟ್ಟತೊಡಗಿತು. ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಆಕಾರದ ಗಿಟಾರಿಗೆ 'ಡ್ರೆಡ್‌ನಾಟ್' ಎಂದು ಹೆಸರು. ಅದನ್ನು 1916ರಲ್ಲಿ ಮೊದಲು ಮಾಡಿದ್ದೂ ಇದೇ ಕಂಪನಿ. ಹೆಸರು ಬಂದದ್ದು ಒಂದು ಬ್ರಿಟಿಷ್ ಯುದ್ಧನೌಕೆಯಿಂದ.

ಆರು ಸ್ಟೀಲ್ ತಂತಿಗಳನ್ನು ಶ್ರುತಿ ಮಾಡಿದಾಗ ಅವೆಲ್ಲ ಸೇರಿ ಸುಮಾರು 70 ಕೆ.ಜಿ.ಯಷ್ಟು ಬಲದಿಂದ ಎಳೆಯುತ್ತವೆ. ಒಬ್ಬ ದೊಡ್ಡ ಮನುಷ್ಯ ಹಗಲು ರಾತ್ರಿ ಜೋತುಬಿದ್ದ ಹಾಗೆ! ನೈಲಾನ್ ತಂತಿಗಳ ಎಳೆತ ಇದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಕ್ಲಾಸಿಕಲ್ ಗಿಟಾರಿಗೆ ಎಂದೂ ಸ್ಟೀಲ್ ತಂತಿ ಹಾಕಬಾರದು. ಬ್ರಿಡ್ಜ್ ಕಿತ್ತು ಬರುತ್ತದೆ, ನೆಕ್ ಬಾಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಬಣ್ಣ, ಹೊಳಪು ನೋಡಿ ಮರುಳಾಗಬೇಡಿ. ಈ ಐದು ವಿಷಯಗಳನ್ನು ನೋಡಿ.

1. ಆ್ಯಕ್ಷನ್: ಫ್ರೆಟ್‌ನಿಂದ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದೇ ಆ್ಯಕ್ಷನ್. ಅಂಚಿನಿಂದಲೇ ಸೊನ್ನೆ ಶುರುವಾಗುವ ಒಂದು ಸಣ್ಣ ಸ್ಟೀಲ್ ಸ್ಕೇಲ್ ಒಯ್ಯಿರಿ. 12ನೇ ಫ್ರೆಟ್ ಮೇಲೆ ಅದನ್ನು ನಿಲ್ಲಿಸಿ ಅಳೆಯಿರಿ. ದಪ್ಪ ತಂತಿಯ ಬಳಿ ಸುಮಾರು 2.5 ಮಿ.ಮೀ., ತೆಳು ತಂತಿಯ ಬಳಿ ಸುಮಾರು 2 ಮಿ.ಮೀ. ಇದ್ದರೆ ಒಳ್ಳೆಯದು. 4 ಮಿ.ಮೀ. ಇದ್ದರೆ ತಂತಿ ಒತ್ತುವಷ್ಟರಲ್ಲಿ ಬೆರಳು ಸೋಲುತ್ತದೆ. ಅಲ್ಮೇರಾ ಹತ್ತುವ ಗಿಟಾರ್‌ಗಳಲ್ಲಿ ಹೆಚ್ಚಿನವು ಇಂಥವೇ.

2. ನೆಕ್: ಗಿಟಾರನ್ನು ಬಂದೂಕಿನಂತೆ ಹಿಡಿದು ನೆಕ್‌ನ ಉದ್ದಕ್ಕೂ ಕಣ್ಣು ಹಾಯಿಸಿ. ತಿರುಚಿರಬಾರದು. ನೆಕ್ ಒಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇರುತ್ತದೆ. ಬಾಗನ್ನು ಅದರಿಂದ ಸರಿಪಡಿಸಬಹುದು, ತಿರುಚನ್ನು ಸರಿಪಡಿಸಲಾಗದು.

3. ಪ್ರತಿ ಫ್ರೆಟ್: ಆರೂ ತಂತಿಗಳನ್ನು ಒಂದೊಂದು ಫ್ರೆಟ್‌ನಲ್ಲೂ ಒತ್ತಿ ಮೀಟಿ. 'ಝರ್' ಎನ್ನುವ ಸದ್ದು ಎಲ್ಲಿ ಬರುತ್ತದೆ ಎಂದು ಗುರುತಿಸಿ ಅಂಗಡಿಯವರಿಗೆ ತೋರಿಸಿ.

4. ಸ್ವರದ ನಿಖರತೆ: ತಂತಿಯ ಸರಿಯಾದ ಅರ್ಧಭಾಗದಲ್ಲಿ 12ನೇ ಫ್ರೆಟ್ ಇರುತ್ತದೆ. ತಂತಿ ಅರ್ಧವಾದರೆ ಕಂಪನ ಎರಡರಷ್ಟು. 'ಎ' ತಂತಿ ಒತ್ತದೆ ಮೀಟಿದಾಗ 110 ಹರ್ಟ್ಸ್ ಇದ್ದರೆ 12ನೇ ಫ್ರೆಟ್‌ನಲ್ಲಿ 220 ಬರಬೇಕು. ಮೊಬೈಲ್‌ನ ಟ್ಯೂನರ್ ಆ್ಯಪ್‌ನಲ್ಲಿ ನೋಡಿ. ಇಲ್ಲಿ ತಪ್ಪಿದರೆ ಎಷ್ಟು ಶ್ರುತಿ ಮಾಡಿದರೂ ಕಾರ್ಡ್‌ಗಳು ಅಪಸ್ವರವೇ.

5. ಬ್ರಿಡ್ಜ್ ಮತ್ತು ಟಾಪ್: ಬ್ರಿಡ್ಜ್‌ನ ಹಿಂಬದಿಯಲ್ಲಿ ಒಂದು ಕಾಗದದ ತುದಿ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ ಎಂದರ್ಥ, ಅದನ್ನು ಬೇಡವೆನ್ನಿ. ಮೇಲಿನ ಹಲಗೆ ಅಂದರೆ ಟಾಪ್ ಒಂದೇ ಮರದ್ದೋ, ಪದರ ಪದರವಾಗಿ ಅಂಟಿಸಿದ್ದೋ ಕೇಳಿ. ಯಮಹಾದ ಎಫ್310ರ ಟಾಪ್ ಪದರದ್ದು, ಅದೇ ಕಂಪನಿಯ ಎಫ್‌ಜಿ800ರದು ಇಡೀ ಸ್ಪ್ರೂಸ್ ಹಲಗೆ. ಇಡೀ ಹಲಗೆಯ ನಾದ ಹೆಚ್ಚು ತುಂಬಿ ಬರುತ್ತದೆ. ಪದರದ ಹಲಗೆ ಹವಾಮಾನದ ಏರುಪೇರನ್ನು ಚೆನ್ನಾಗಿ ತಡೆಯುತ್ತದೆ. ಕಲಿಯುವವರಿಗೆ ಪದರದ್ದೇ ಸಾಕು.

ಸೆಟಪ್ ಎಂದರೆ ಜವಾರಿ

ಹೊಸ ಗಿಟಾರ್ ಪೆಟ್ಟಿಗೆಯಿಂದ ಬಂದ ಕೂಡಲೇ ಸಿದ್ಧವಾಗಿರುವುದು ಅಪರೂಪ. ಸ್ಯಾಡಲ್ ಉಜ್ಜಿ ತಂತಿಯ ಎತ್ತರ ಇಳಿಸುವುದು, ನಟ್‌ನ ಕಚ್ಚು ಸರಿಪಡಿಸುವುದು, ಟ್ರಸ್ ರಾಡ್ ತಿರುಗಿಸುವುದು, ಇವಕ್ಕೆಲ್ಲ ಸೆಟಪ್ ಎನ್ನುತ್ತಾರೆ. ನಮ್ಮ ಭಾಗದ ಸಂಗೀತಗಾರರಿಗೆ ಇದು ಹೊಸದಲ್ಲ. ಬೆಳಗಾವಿಯ ಆಚೆ ಇರುವ ಮಿರಜ್ ಊರು ತಂಬೂರಿ, ಸಿತಾರ್ ತಯಾರಿಕೆಗೆ ಪ್ರಸಿದ್ಧ. ತಂಬೂರಿ ಕಟ್ಟಿ ಮುಗಿದ ಮೇಲೂ ಅದರ ಕುದುರೆಯನ್ನು, ಅಂದರೆ ಬ್ರಿಡ್ಜನ್ನು, ಕೂದಲೆಳೆಯಷ್ಟು ಉಜ್ಜಿ ಉಜ್ಜಿ ನಾದ ಕೂಡಿಸುತ್ತಾರೆ. ಅದಕ್ಕೆ ಜವಾರಿ ಎಂದು ಹೆಸರು. (ಜವಾರಿ ಕೋಳಿಯ ಜವಾರಿ ಬೇರೆ!) ಜವಾರಿ ಇಲ್ಲದ ತಂಬೂರಿ ಹೇಗೋ, ಸೆಟಪ್ ಇಲ್ಲದ ಗಿಟಾರ್ ಹಾಗೆ. ಕೊಳ್ಳುವಾಗಲೇ "ಸೆಟಪ್ ಮಾಡಿಕೊಡ್ತೀರಾ?" ಎಂದು ಕೇಳಿ.

ಲೆಕ್ಕದ ಪುಸ್ತಕದಲ್ಲಿ ಗಿಟಾರ್

ನಮ್ಮ ಅಬ್ಬಾ ಟೈಲರ್. ಮನೆಗೆ ಏನೇ ತಂದರೂ ಅವರು ಕೇಳುವುದು ಒಂದೇ ಮಾತು: "ಬೇಟಾ, ಇದು ಎಷ್ಟು ವರ್ಷ ದುಡಿಯುತ್ತೆ?" ಅವರ ಹೊಲಿಗೆ ಯಂತ್ರಕ್ಕೆ ನನಗಿಂತ ವಯಸ್ಸು ಹೆಚ್ಚು. ವಾರಕ್ಕೊಮ್ಮೆ ಎಣ್ಣೆ ಬಿಡುವುದನ್ನು ಅವರು ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಅದೇ ಪ್ರಶ್ನೆಯನ್ನು ಗಿಟಾರಿಗೂ ಕೇಳೋಣ. ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು.

ಗಿಟಾರ್ 9,000 ರೂ., ಬ್ಯಾಗ್ 900 ರೂ., ಸೆಟಪ್ 600 ರೂ. ಯಂತ್ರ ಕೊಂಡಾಗ ಅದನ್ನು ಕೂಡಿಸಿ ನಡೆಯುವಂತೆ ಮಾಡುವ ವೆಚ್ಚವೂ ಆಸ್ತಿಯ ಬೆಲೆಗೆ ಸೇರುತ್ತದೆ ಎಂದು ನಾವು ಓದಿದ್ದೇವೆ. ಹಾಗಾಗಿ ಆಸ್ತಿಯ ಬೆಲೆ 10,500 ರೂ. ಐದು ವರ್ಷದ ನಂತರ 3,000 ರೂ.ಗೆ ಮಾರಬಹುದು ಎಂದುಕೊಂಡರೆ ವರ್ಷದ ಸವಕಳಿ 7,500 ÷ 5 = 1,500 ರೂ. ವರ್ಷಕ್ಕೆ 500 ರೂ.ನ ಮೂರು ಸೆಟ್ ತಂತಿ ಬೇಕು. ಅದು ರೆವೆನ್ಯೂ ವೆಚ್ಚ, 1,500 ರೂ. ಒಟ್ಟು ವರ್ಷಕ್ಕೆ 3,000 ರೂ. ವರ್ಷದಲ್ಲಿ 300 ದಿನ ನುಡಿಸಿದರೆ ದಿನಕ್ಕೆ 10 ರೂ.

ಈಗ 3,500 ರೂ.ನ, ಆ್ಯಕ್ಷನ್ ಎತ್ತರವಿರುವ ಗಿಟಾರ್ ತಂದು 50 ದಿನ ನುಡಿಸಿ ಬಿಟ್ಟರು ಎನ್ನಿ. ಕೊಳ್ಳುವವರಿಲ್ಲ. ದಿನಕ್ಕೆ 70 ರೂ. ಬಿತ್ತು! ಹಾಗಾದರೆ ದುಬಾರಿಯದೇ ಒಳ್ಳೆಯದೇ? ಅಲ್ಲ. ಮೊದಲನೆಯ ಗಿಟಾರನ್ನೂ 50 ದಿನಕ್ಕೆ ಬಿಟ್ಟು 5,000 ರೂ.ಗೆ ಮಾರಿದರೆ ನಷ್ಟ 5,500 ರೂ., ಅಂದರೆ ದಿನಕ್ಕೆ 110 ರೂ. ಬೆಲೆಯ ಚೀಟಿ ನೋಡಿ ಆಸ್ತಿಯೋ ಖರ್ಚೋ ಹೇಳಲಾಗದು. ಎಷ್ಟು ದಿನ ನುಡಿಸಿದಿರಿ ಎಂಬುದೇ ಅದನ್ನು ಹೇಳುತ್ತದೆ. ಸಾಲ ಮಾಡಿ, ಕಂತಿನ ಮೇಲೆ ಕೊಳ್ಳುವುದಂತೂ ಬೇಡ.

ಕೊಂಡ ಮೇಲೆ

* ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಗಳನ್ನು ಒರೆಸಿ. ಬೆವರಿಗೆ ತುಕ್ಕು ಹಿಡಿಯುತ್ತದೆ. ಇಷ್ಟರಿಂದಲೇ ತಂತಿಯ ಆಯುಷ್ಯ ಹೆಚ್ಚುತ್ತದೆ.
* ಮರಕ್ಕೆ ಹಿತವಾದ ತೇವಾಂಶ ಶೇ. 45ರಿಂದ 55. ನಮ್ಮ ಉತ್ತರ ಕರ್ನಾಟಕದ ಏಪ್ರಿಲ್ ಬಿಸಿಲಿಗೆ ಮರ ಒಣಗಿ ಬಿರುಕು ಬಿಡಬಹುದು. ಕರಾವಳಿಯ ಮಳೆಗಾಲಕ್ಕೆ ಅದು ಉಬ್ಬಿ ಆ್ಯಕ್ಷನ್ ಏರುತ್ತದೆ. ಬ್ಯಾಗ್ ಒಳಗೇ ಇಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ.
* ಪತ್ರಾಸ್ ಕೋಣೆಯಲ್ಲಿ, ಕಿಟಕಿಯ ಬಿಸಿಲಿನಲ್ಲಿ, ಮುಚ್ಚಿದ ಕಾರಿನಲ್ಲಿ ಇಡಬೇಡಿ. ಕಾವಿಗೆ ಅಂಟು ಬಿಡುತ್ತದೆ.
* ಮೊದಲಿಗೆ 10–47ರ ಎಕ್ಸ್‌ಟ್ರಾ ಲೈಟ್ ತಂತಿ ಹಾಕಿಸಿ. 12–53ಕ್ಕಿಂತ ಬೆರಳಿಗೆ ಹಗುರ. (ಈ ಅಂಕಿಗಳು ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ.)
* ಮೊದಲ ಕೆಲವು ವಾರ ಬೆರಳ ತುದಿ ನೋಯುವುದು ಸಹಜ. ದಿನಕ್ಕೆ 15–20 ನಿಮಿಷ ಸಾಕು. ಭಾನುವಾರ ಒಂದೇ ದಿನ ಮೂರು ಗಂಟೆ ನುಡಿಸಿದರೆ ಸೋಮವಾರ ಪೆನ್ನು ಹಿಡಿಯುವುದೂ ಕಷ್ಟ.
* ಗೊತ್ತಿಲ್ಲದೆ ಟ್ರಸ್ ರಾಡ್ ತಿರುಗಿಸಬೇಡಿ. ಬಲ್ಲವರೂ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವುದಿಲ್ಲ.

ಕೊನೆಯದಾಗಿ ಒಂದು ಸಲಹೆ. ಹಣ ಕೊಡುವ ಮುನ್ನ ಗೆಳೆಯರ ಗಿಟಾರನ್ನು ಒಂದೆರಡು ವಾರ ನುಡಿಸಿ ನೋಡಿ. ಬೆರಳು ನೊಂದರೂ ಮರುದಿನ ಮತ್ತೆ ಹಿಡಿಯಬೇಕೆನಿಸಿದರೆ ಅಂಗಡಿಗೆ ಹೋಗಿ. ನಿಮಗಿಂತ ಮೊದಲು ಕಲಿತವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಸ್ಟೀಲ್ ಸ್ಕೇಲ್ ಬೇಕಾದವರು ದ್ವಿತೀಯ ವಾಣಿಜ್ಯ ತರಗತಿಗೆ ಬಂದು ನನ್ನನ್ನು ಕೇಳಬಹುದು. ವಾಪಸ್ ಮಾತ್ರ ಕೊಡಬೇಕು!